ಮರ ನೆಟ್ಟಲ್ಲೆಲ್ಲ ನೀರು ಉಕ್ಕುವುದೆ? ಸೃಷ್ಟಿಪಾಲನೆಯ ನಮ್ಮ ಬೋಧನೆಗೊಂದು ವಿಮರ್ಶೆ

ಕನ್ನಡದಲ್ಲಿ ಯೂಕಲಿಪ್ಟಸ್ ಮರಕ್ಕೆ ‘ನೀಲಗಿರಿ’ ಎಂದೇ ಹೆಸರು. ಆಸ್ಟ್ರೇಲಿಯಾದಿಂದ ಬಂದ ಮರವೊಂದು ತನ್ನನ್ನು ನೆಟ್ಟು ಬೆಳೆಸಿದ ಬೆಟ್ಟಸಾಲಿನ ಹೆಸರನ್ನೇ ತನ್ನದಾಗಿಸಿಕೊಂಡಿತು. ಆ ಬೆಟ್ಟದ ಸ್ವಂತ ಸಸ್ಯಸಂಪತ್ತಾದ ಹುಲ್ಲುಗಾವಲು, ಶೋಲಾ ಕಾಡು, ಕುರಿಂಜಿಯ ಪೊದೆ ನಮ್ಮ ಮಾತಿನಿಂದ ಮರೆಯಾದವು. ಇಂದು ‘ನೀಲಗಿರಿ’ ಎಂದರೆ ನಮ್ಮಲ್ಲಿ ಬಹುಮಂದಿಗೆ ಮೊದಲು ನೆನಪಾಗುವುದು ಆ ಮರ, ಇಲ್ಲವೆ ನೆಗಡಿಗೆ ಹಚ್ಚುವ ಎಣ್ಣೆ. ಭಾಷೆಯಲ್ಲಿ ನಡೆದ ಈ ಸಣ್ಣ ಪಲ್ಲಟ ಬೆಟ್ಟದ ಮೇಲೆ ನಡೆದ ದೊಡ್ಡ ಪಲ್ಲಟದ ಗುರುತು. ಸೃಷ್ಟಿಪಾಲನೆಯನ್ನು ಕುರಿತ ನಮ್ಮ ಬೋಧನೆಯೂ ಅದೇ ಪಲ್ಲಟಕ್ಕೆ ಅರಿವಿಲ್ಲದೆ ಒಪ್ಪಿಗೆಯ ಮುದ್ರೆ ಒತ್ತುತ್ತಿದೆ ಎಂಬುದು ಈ ಲೇಖನದ ಆಕ್ಷೇಪ.

ಜೂನ್ 5ರ ಆಸುಪಾಸಿನ ಭಾನುವಾರಗಳಲ್ಲಿ, ಹಾಗೂ 2015ರಿಂದೀಚೆಗೆ ಕಥೋಲಿಕ ಧರ್ಮಸಭೆ ಸೆಪ್ಟೆಂಬರ್ 1ರಂದು ಆಚರಿಸುತ್ತಿರುವ ಸೃಷ್ಟಿಪಾಲನೆಯ ಪ್ರಾರ್ಥನಾ ದಿನದಂದು, ನಮ್ಮ ಪೀಠಗಳಿಂದ ಕೇಳಿಬರುವ ಪ್ರಬೋಧನೆಯ ತಿರುಳು ಹೆಚ್ಚುಕಡಿಮೆ ಒಂದೇ: ಮರ ನೆಡಿರಿ, ಮಳೆ ಬರುತ್ತದೆ, ಬೆಟ್ಟವನ್ನು ಹಸಿರಾಗಿಸಿರಿ, ಹೊಳೆ ತುಂಬುತ್ತದೆ. ಬಲಿಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಸಸಿ ನೆಡುವ ಕಾರ್ಯಕ್ರಮ. ಈ ಲೇಖಕನೂ ಹಲವು ವರ್ಷ ಇದನ್ನೇ ಬೋಧಿಸಿದ್ದಾನೆ, ಸಸಿಯ ಬುಡಕ್ಕೆ ತೀರ್ಥಜಲ ಪ್ರೋಕ್ಷಿಸಿದ್ದಾನೆ. ಆ ಮಾತಿನ ಹಿಂದಿನ ಸದ್ಭಾವವನ್ನು ಇಲ್ಲಿ ಅಲ್ಲಗಳೆಯುತ್ತಿಲ್ಲ. ಆದರೆ ಸದ್ಭಾವವಿದ್ದ ಮಾತ್ರಕ್ಕೆ ಬೋಧನೆ ಸತ್ಯವಾಗುವುದಿಲ್ಲ. ಬೆಟ್ಟದ ಮೇಲೆ ಮರ ಹೆಚ್ಚಿದಷ್ಟೂ ಕೆಳಗೆ ನೀರು ಹೆಚ್ಚುತ್ತದೆ ಎಂಬುದು ಪರೀಕ್ಷಿಸಬಹುದಾದ ಹೇಳಿಕೆ, ಮತ್ತು ಅದನ್ನು ಪರೀಕ್ಷಿಸಲಾಗಿದೆ.

1. ಒಂದು ಬೆಟ್ಟ, ಎರಡು ಕಣಿವೆ

ನೀಲಗಿರಿ ಬೆಟ್ಟಗಳ ಅತ್ಯುನ್ನತ ಶಿಖರ 2,637 ಮೀಟರ್ ಎತ್ತರದ ದೊಡ್ಡಬೆಟ್ಟ. ಹೆಸರೇ ನಮ್ಮ ನುಡಿಬಳಗದ್ದು; ಅಲ್ಲಿನ ಬಡಗರ ಮಾತು ಕನ್ನಡಕ್ಕೆ ತೀರ ಹತ್ತಿರದ್ದು. ಈ ಬೆಟ್ಟಗಳ ಮೇಲಿಂದ ಇಳಿಯುವ ಪೈಕಾರ ಹೊಳೆ ಮುಂದೆ ಮೋಯಾರ್ ಆಗಿ ಭವಾನಿಸಾಗರದಲ್ಲಿ ಭವಾನಿಯನ್ನು ಕೂಡುತ್ತದೆ. ಭವಾನಿ ಕಾವೇರಿಯನ್ನು ಕೂಡುತ್ತದೆ. 1950ರ ದಶಕದಲ್ಲಿ ಪೂರ್ಣಗೊಂಡ ಭವಾನಿಸಾಗರ ಅಣೆಕಟ್ಟಿನ ಕಾಲುವೆ ಈರೋಡಿನ ಸುತ್ತಮುತ್ತ ಸುಮಾರು 2 ಲಕ್ಷ ಎಕರೆಗೆ ನೀರುಣಿಸುತ್ತದೆ. ಮೇಲಿನ ಬೆಟ್ಟದಲ್ಲಿ ಏನು ಬೆಳೆಯುತ್ತದೆ ಎಂಬುದು ಕೆಳಗಿನ ರೈತನ ಮನೆಯ ಪ್ರಶ್ನೆಯೂ ಹೌದು.

ಆ ಮೇಲ್ನಾಡಿನ ಮೂಲರೂಪ ಎರಡು ಬಗೆಯದು. ದಿಣ್ಣೆಗಳ ಮೇಲೆ ಹುಲ್ಲುಗಾವಲು. ಗಾಳಿಯ ಮರೆಯ ಮಡಿಲುಗಳಲ್ಲಿ ಗಿಡ್ಡನೆಯ, ದಟ್ಟವಾದ ಶೋಲಾ ಕಾಡು. ಇವುಗಳ ನಡುವಿನ ತಗ್ಗುಗಳಲ್ಲಿ ಜೌಗು ನೆಲ. ಹಿಮ ಬೀಳುವ ಚಳಿಗಾಲವನ್ನು ಹುಲ್ಲು ತಾಳಿಕೊಳ್ಳುತ್ತದೆ, ಶೋಲಾದ ಎಳೆಯ ಸಸಿಗಳು ತಾಳವು. ಹುಲ್ಲಿನ ಬೇರು ಆಳಕ್ಕೆ ಇಳಿಯುವುದಿಲ್ಲ. ಒಣ ತಿಂಗಳುಗಳಲ್ಲಿ ಅದು ಬಾಡಿ ಸುಮ್ಮನಾಗುತ್ತದೆ, ಆಗ ಅದಕ್ಕೆ ಬೇಕಾಗುವ ನೀರೂ ಅಲ್ಪ. ಇಂಗಿದ ಮಳೆ ಮೆಲ್ಲಮೆಲ್ಲನೆ ಜೌಗಿಗೆ, ಜೌಗಿನಿಂದ ತೊರೆಗೆ ಜಿನುಗುತ್ತದೆ.

19ನೆಯ ಶತಮಾನದಲ್ಲಿ ಬ್ರಿಟಿಷ್ ಆಡಳಿತ ಉದಕಮಂಡಲದ ಸೌದೆಯ ಅಗತ್ಯಕ್ಕಾಗಿ ನೀಲಗಿರಿ ಮರವನ್ನೂ ವಾಟಲ್ ಮರವನ್ನೂ ಇಲ್ಲಿ ನೆಡಿಸಿತು. ಸ್ವಾತಂತ್ರ್ಯಾನಂತರ ರೇಯಾನ್ ನೂಲಿನ ತಿರುಳಿಗಾಗಿ, ಚರ್ಮ ಹದಮಾಡುವ ತೊಗಟೆಗಾಗಿ ಈ ನೆಡುತೋಪುಗಳು ಬಹಳವಾಗಿ ವಿಸ್ತರಿಸಿದವು. ತೊದವರು ತಲೆಮಾರುಗಳಿಂದ ಎಮ್ಮೆ ಮೇಯಿಸಿದ ಹುಲ್ಲುಗಾವಲು ಸರ್ಕಾರಿ ಕಡತಗಳಲ್ಲಿ ಪಾಳುಭೂಮಿಯೆನಿಸಿತು. ಪಾಳುಭೂಮಿಯಲ್ಲಿ ಮರ ನೆಡುವುದು ಪುಣ್ಯಕಾರ್ಯವೆಂದು ಯಾರಿಗಾದರೂ ತೋರುವುದು ಸಹಜ.

ಆಗ ಒಂದು ಪ್ರಯೋಗ ನಡೆಯಿತು. ಉದಕಮಂಡಲದ ಬಳಿಯ ಗ್ಲೆನ್‌ಮಾರ್ಗನ್‌ನಲ್ಲಿ ಕೇಂದ್ರ ಮಣ್ಣು ಮತ್ತು ಜಲ ಸಂರಕ್ಷಣಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅಕ್ಕಪಕ್ಕದ ಎರಡು ಕಿರು ಜಲಾನಯನಗಳನ್ನು ಆರಿಸಿಕೊಂಡು, 1968ರಿಂದ ಕೆಲವು ವರ್ಷ ಎರಡರ ಹರಿವನ್ನೂ ಅಳೆದು ಹೋಲಿಸಿದರು. 1972ರಲ್ಲಿ ಒಂದನ್ನು ಹಾಗೆಯೇ ಬಿಟ್ಟು, ಇನ್ನೊಂದರ ಶೇ. 59ರಷ್ಟು ಭಾಗದಲ್ಲಿ ನೀಲಗಿರಿ ಮರ ನೆಟ್ಟರು. ಮೊದಲ ಹತ್ತು ವರ್ಷಗಳ ಅವಧಿಯಲ್ಲಿ ಆ ಕಣಿವೆಯ ನೀರಿನ ಇಳುವರಿ ಸುಮಾರು ಶೇ. 16ರಷ್ಟು ಕುಸಿಯಿತು. ಮರ ಕಡಿದ ಮೇಲೆ ಬುಡದಿಂದ ಮತ್ತೆ ಚಿಗುರಿದ ಎರಡನೆಯ ಸುತ್ತಿನಲ್ಲಿ ಕುಸಿತ ಸುಮಾರು ಶೇ. 25ಕ್ಕೆ ಏರಿತು. ಮಳೆಯಿಲ್ಲದ ತಿಂಗಳುಗಳಲ್ಲಿ ತೊರೆಯನ್ನು ಜೀವಂತವಾಗಿಡುವ ತಳಹರಿವೂ ಇಳಿಯಿತು. ಎರಡು ಕಣಿವೆಗಳ ಮೇಲೆ ಸುರಿದದ್ದು ಒಂದೇ ಮಳೆ. ಕಡಿಮೆಯಾದ ನೀರನ್ನು ಮರಗಳು ಕುಡಿದು ಆವಿಯಾಗಿ ಬಿಟ್ಟಿದ್ದವು.

ಇದು ಒಂಟಿ ಸಾಕ್ಷಿಯಲ್ಲ. ಬಾಷ್ ಮತ್ತು ಹ್ಯೂಲೆಟ್ ಎಂಬ ವಿಜ್ಞಾನಿಗಳು 1982ರಲ್ಲಿ ಜಗತ್ತಿನ ವಿವಿಧೆಡೆಯ 94 ಜಲಾನಯನ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ದಿಕ್ಕು ಇದೇ ಆಗಿತ್ತು: ಮರದ ಹೊದಿಕೆ ಹೆಚ್ಚಿದರೆ ವಾರ್ಷಿಕ ಹರಿವು ಇಳಿಯುತ್ತದೆ. ಜಲಾನಯನದ ಶೇ. 10ರಷ್ಟು ಭಾಗದಲ್ಲಿ ಪೈನ್ ಅಥವಾ ನೀಲಗಿರಿ ಹೊದಿಕೆ ಹೆಚ್ಚಿದರೆ ಹರಿವು ವರ್ಷಕ್ಕೆ ಸರಾಸರಿ 40 ಮಿಲಿಮೀಟರಿನಷ್ಟು ಇಳಿಯುತ್ತದೆ ಎಂದು ಅವರು ಅಂದಾಜಿಸಿದರು.

2. ಹಾಗಾದರೆ ಕಾಡು ಬೇಡವೆ?

ಇಲ್ಲಿ ತಪ್ಪು ತೀರ್ಮಾನಕ್ಕೆ ಧುಮುಕಬಾರದು. ಮರವು ಬೆಟ್ಟದಲ್ಲಿ ಎರಡು ಕೆಲಸಗಳನ್ನು ಏಕಕಾಲಕ್ಕೆ ಮಾಡುತ್ತದೆ. ಬೇರು, ತರಗೆಲೆ, ಎರೆಹುಳುಗಳ ಮೂಲಕ ಮಣ್ಣನ್ನು ಸಡಿಲಗೊಳಿಸಿ ಮಳೆಗೆ ಬಾಗಿಲು ತೆರೆಯುತ್ತದೆ; ಒಳಗೆ ಬಂದ ನೀರಿನಲ್ಲಿ ತನ್ನ ಪಾಲನ್ನು ಕುಡಿಯುತ್ತದೆ. ಕೆಳಗಿನವರಿಗೆ ಬೇಸಿಗೆಯಲ್ಲಿ ಎಷ್ಟು ಉಳಿಯುತ್ತದೆ ಎಂಬುದು ಈ ಎರಡರ ಲೆಕ್ಕಾಚಾರ. ನಮ್ಮ ಪ್ರಬೋಧನೆಗಳಲ್ಲಿ ಕಾಡನ್ನು ಸ್ಪಂಜಿಗೆ ಹೋಲಿಸುವ ವಾಡಿಕೆಯಿದೆ. ಹೋಲಿಕೆ ಸುಳ್ಳಲ್ಲ, ಆದರೆ ಸ್ಪಂಜಿನ ಕೆಲಸ ಮಾಡುವುದು ಮಣ್ಣು. ಮರ ಆ ಮಣ್ಣನ್ನು ಕಾಯುತ್ತದೆ, ಕಾದುದಕ್ಕೆ ಕೂಲಿಯನ್ನೂ ಪಡೆಯುತ್ತದೆ. ಕೂಲಿ ಎಷ್ಟು ಎಂಬುದು ಮರದ ಜಾತಿ, ವಯಸ್ಸು, ನೆಲ, ಹವೆಗಳನ್ನು ಅವಲಂಬಿಸಿದೆ.

ಆದ್ದರಿಂದಲೇ ಸಹಜ ಕಾಡನ್ನು ಕಡಿದು ಬೋಳಾಗಿಸಿದರೆ ನೀರು ಉಳಿಯುತ್ತದೆಂಬ ವಾದವೂ ನಿಲ್ಲದು. ಉತ್ತರ ಕನ್ನಡದ ಜಲಾನಯನಗಳಲ್ಲಿ ಸಹಜ ಕಾಡು, ಹಾಳಾದ ಕಾಡು, ಅಕೇಶಿಯಾ ನೆಡುತೋಪುಗಳನ್ನು ಹೋಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ಸಹಜ ಕಾಡಿನ ನೆಲದಲ್ಲಿ ಮಳೆ ಹೆಚ್ಚು ಇಂಗುವುದನ್ನೂ ಹಾಳಾದ ನೆಲದಲ್ಲಿ ಅದು ಮಳೆಯೊಂದಿಗೇ ಹರಿದುಹೋಗುವುದನ್ನೂ ತೋರಿಸಿತು. ಅಮೆಜಾನಿನಂಥ ಮಹಾರಣ್ಯ ತಾನು ಕುಡಿದ ನೀರನ್ನು ಮೋಡವಾಗಿಸಿ ದೂರದ ನಾಡಿಗೆ ಮಳೆ ಕೊಡುವುದೂ ನಿಜವೇ. ಆದರೆ ಖಂಡದ ಅಳತೆಯ ಆ ಸತ್ಯವನ್ನು ಒಂದು ಕಣಿವೆಯ ತೋಪಿಗೆ ಅನ್ವಯಿಸಿ ಭಕ್ತರಿಗೆ ಭರವಸೆ ಕೊಡುವ ಅಧಿಕಾರ ನಮಗಿಲ್ಲ. ಯಾವ ಬೆಟ್ಟ, ಯಾವ ಮರ, ಯಾವ ಹುಲ್ಲು ಎಂದು ಕೇಳದ ಬೋಧನೆ ಬೆಟ್ಟವನ್ನು ನೋಡಿಯೇ ಇಲ್ಲ.

3. ‘ಲೌದಾತೊ ಸಿ’ಯಲ್ಲಿ ಕೂಡದ ಎರಡು ಭಾಗಗಳು

ಪೋಪ್ ಫ್ರಾನ್ಸಿಸರ 2015ರ ವಿಶ್ವಪತ್ರ ‘ಲೌದಾತೊ ಸಿ’ ನಮ್ಮ ಸೃಷ್ಟಿಪಾಲನೆಯ ಬೋಧನೆಗೆ ಇಂದು ಆಧಾರಗ್ರಂಥ. ಅದರ ಮೊದಲ ಅಧ್ಯಾಯದಲ್ಲಿ ನೀರಿನ ಪ್ರಶ್ನೆ 27ರಿಂದ 31ರವರೆಗಿನ ಕಂಡಿಕೆಗಳಲ್ಲಿದೆ. ಶುದ್ಧ ಕುಡಿಯುವ ನೀರು ಮಾನವನ ಮೂಲಭೂತ ಹಕ್ಕೆಂದು 30ನೆಯ ಕಂಡಿಕೆ ಸಾರುವ ರೀತಿ ಧರ್ಮಸಭೆಯ ಸಾಮಾಜಿಕ ಬೋಧನೆಯಲ್ಲೇ ಗಟ್ಟಿಯಾದ ದನಿಗಳಲ್ಲೊಂದು. ಬಡವರ ನೀರು ಮಾರಾಟದ ಸರಕಾಗುವುದು, ಕಲುಷಿತ ನೀರಿನಿಂದ ಬರುವ ಸಾವು, ನೀರು ಪೋಲಾಗುವುದು ಎಲ್ಲವೂ ಅಲ್ಲಿವೆ. ಇಲ್ಲದಿರುವುದು ಬೆಟ್ಟ. ನೀರು ಎಲ್ಲಿಂದ ಬರುತ್ತದೆ, ಅದರ ಮೂಲದ ನೆಲವನ್ನು ಯಾರು ಹೇಗೆ ನಿರ್ವಹಿಸುತ್ತಾರೆ ಎಂಬ ಪ್ರಶ್ನೆ ಈ ಐದು ಕಂಡಿಕೆಗಳಲ್ಲಿ ಒಂದು ವಿಷಯವಾಗಿ ಬೆಳೆಯುವುದೇ ಇಲ್ಲ.

ಕಾಡಿನ ವಿಷಯ 32ರಿಂದ 42ರವರೆಗಿನ ಜೀವವೈವಿಧ್ಯದ ಭಾಗದಲ್ಲಿದೆ. ಅಲ್ಲಿ 39ನೆಯ ಕಂಡಿಕೆ ಅಚ್ಚರಿಪಡುವಷ್ಟು ನಿಖರವಾಗಿದೆ. ಸಹಜ ಕಾಡಿನ ಜಾಗದಲ್ಲಿ ಏಕಜಾತಿಯ ನೆಡುತೋಪು ಬೆಳೆಸುವುದರ ಪರಿಣಾಮವನ್ನು ಯಾರೂ ಸಾಕಷ್ಟು ಪರಿಶೀಲಿಸುತ್ತಿಲ್ಲವೆಂದು ಅದು ದೂರುತ್ತದೆ. ಮರ ನೆಟ್ಟದ್ದೆಲ್ಲ ಒಳ್ಳೆಯದಲ್ಲ ಎಂಬ ಎಚ್ಚರಿಕೆ ಬೋಧನಾಪೀಠದಿಂದಲೇ ಬಂದಿದೆ, ಆದರೆ ನಮ್ಮ ಪ್ರಬೋಧನೆಗಳು ಅದನ್ನು ಓದಿದಂತಿಲ್ಲ. ಹಾಗಿದ್ದರೂ ಅಲ್ಲಿನ ಕಾಳಜಿ ಅಳಿಯುವ ಜೀವಜಾತಿಗಳದ್ದು, ಬತ್ತುವ ತೊರೆಯದ್ದಲ್ಲ. ಕಾಡಿಲ್ಲದ ಹುಲ್ಲುಗಾವಲಿನ ಮೇಲೆ ಕಾಡನ್ನು ಹೇರುವ ನಮ್ಮ ನೀಲಗಿರಿಯಂಥ ಪ್ರಸಂಗವಂತೂ ಅದರ ಚೌಕಟ್ಟಿನಿಂದಲೇ ಹೊರಗುಳಿಯುತ್ತದೆ.

ಹೀಗೆ ಮನುಷ್ಯರಿಗೆ ಸಂಬಂಧಿಸಿದ್ದು ನೀರಿನ ಭಾಗದಲ್ಲೂ, ಪ್ರಾಣಿಸಸ್ಯಗಳಿಗೆ ಸಂಬಂಧಿಸಿದ್ದು ಕಾಡಿನ ಭಾಗದಲ್ಲೂ ಉಳಿದುಕೊಂಡಿವೆ. 140ನೆಯ ಕಂಡಿಕೆ ಜೀವಪರಿಸರಗಳು ನೀರನ್ನು ಶುದ್ಧಗೊಳಿಸುವುದನ್ನು ಸ್ಮರಿಸಿ ಎರಡನ್ನೂ ಹತ್ತಿರ ತರುತ್ತದೆ. ಅಲ್ಲಿಯೂ ನೀರಿನ ಗುಣದ ಮಾತಿದೆಯೇ ಹೊರತು ನೀರಿನ ಪಾಲಿನ ಮಾತಿಲ್ಲ. ವಿಶ್ವಪತ್ರವೊಂದು ಜಲವಿಜ್ಞಾನದ ಪಠ್ಯವಾಗಬೇಕಿಲ್ಲ ಎಂಬ ಸಮಾಧಾನ ಇದಕ್ಕೆ ಸಾಲದು. ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿದೆ ಎಂಬುದು ಆ ಪತ್ರದ ಕೇಂದ್ರ ಪ್ರತಿಪಾದನೆ. ಎಲ್ಲವೂ ಎಲ್ಲದರೊಂದಿಗೆ ಹೆಣೆದಿದೆ ಎಂದು ಹೇಳುವುದು ಸುಲಭ. ಈ ದಿಣ್ಣೆಯ ಹುಲ್ಲು ಆ ಊರಿನ ಬಾವಿಯೊಂದಿಗೆ ಹೆಣೆದಿದೆ ಎಂದು ತೋರಿಸುವುದು ಕಷ್ಟ. ನೈತಿಕ ಹೊಣೆ ಹುಟ್ಟುವುದು ಎರಡನೆಯ ಬಗೆಯ ಮಾತಿನಿಂದ, ಏಕೆಂದರೆ ಅಲ್ಲಿ ಮಾತ್ರ ನೆರೆಯವನಿಗೆ ವಿಳಾಸವಿರುತ್ತದೆ.

4. ವಚನಗಳನ್ನು ನಾವು ಓದಿದ ಬಗೆ

ಸಸಿ ನೆಡುವ ದಿನ ನಾವು ಆರಿಸಿಕೊಳ್ಳುವ ವಾಚನಗಳನ್ನು ಗಮನಿಸೋಣ. ಮೊದಲನೆಯ ಕೀರ್ತನೆಯ ಮರ ಕಾಲುವೆಯ ಬಳಿ ನೆಟ್ಟದ್ದು. ಯೆರೆಮೀಯನ 17ನೆಯ ಅಧ್ಯಾಯದ ಮರ ಹೊಳೆಯ ಕಡೆಗೆ ಬೇರು ಚಾಚುತ್ತದೆ. ಯೆಹೆಜ್ಕೇಲನ 47ನೆಯ ಅಧ್ಯಾಯದಲ್ಲಿ ದೇವಾಲಯದ ಹೊಸ್ತಿಲ ಕೆಳಗಿನಿಂದ ನೀರು ಹೊರಟು, ಹರಿದು, ಹೊಳೆಯಾದ ಮೇಲೆ ಅದರ ಎರಡು ದಡಗಳಲ್ಲಿ ಮರಗಳು ಬೆಳೆಯುತ್ತವೆ. ಮೂರರಲ್ಲೂ ನೀರು ಮೊದಲು, ಮರ ಆಮೇಲೆ. ಮರ ನೀರನ್ನು ಸೃಷ್ಟಿಸುತ್ತದೆಂದು ಇವುಗಳಲ್ಲಿ ಯಾವುದೂ ಹೇಳುವುದಿಲ್ಲ. ಮರ ಕುಡಿಯುತ್ತದೆಂದು ಮೂರೂ ಹೇಳುತ್ತವೆ. ಒಣನಾಡಿನ ಜನರಾದ ಪವಿತ್ರ ಗ್ರಂಥದ ಲೇಖಕರಿಗೆ ಇದು ಗೊತ್ತಿತ್ತು. ನಾವು ಅದನ್ನು ತಲೆಕೆಳಗಾಗಿ ಬೋಧಿಸಿದೆವು.

ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಭೂಮಿ ಸಸ್ಯಗಳನ್ನು ಅವುಗಳ ಜಾತಿಗನುಸಾರವಾಗಿಯೇ ಹುಟ್ಟಿಸುತ್ತದೆ. ದೇವರು ಒಳ್ಳೆಯದೆಂದು ಕಂಡದ್ದು ಆ ಭೇದಗಳ ಸಮೇತ ಸೃಷ್ಟಿಯನ್ನು. 104ನೆಯ ಕೀರ್ತನೆ ಇನ್ನೂ ಸೂಕ್ಷ್ಮ. ಅಲ್ಲಿ ಕಣಿವೆಗೆ ಬುಗ್ಗೆ, ದನಕರುಗಳಿಗೆ ಹುಲ್ಲು, ಹಕ್ಕಿಗಳಿಗೆ ಲೆಬನೋನಿನ ದೇವದಾರು, ಎತ್ತರದ ಬೆಟ್ಟ ಕಾಡುಮೇಕೆಗಳಿಗೆ. ಕೀರ್ತನಕಾರ ಬೆಟ್ಟದ ತುಂಬ ದೇವದಾರು ನೆಡಲು ಹೊರಡುವುದಿಲ್ಲ. ನೀಲಗಿರಿಯ ನೆತ್ತಿಯ ಹುಲ್ಲುಬಂಡೆಗಳಲ್ಲೂ ಒಂದು ಕಾಡುಮೇಕೆಯುಂಟು, ನೀಲಗಿರಿ ಥಾರ್. ತೊದವರ ಎಮ್ಮೆಗೂ ಆ ಮೇಕೆಗೂ ಬದುಕಾಗಿದ್ದ ಹುಲ್ಲನ್ನು ಪಾಳು ಎಂದು ಕರೆದದ್ದು ದೇವರು ಒಳ್ಳೆಯದೆಂದದ್ದಕ್ಕೆ ಮನುಷ್ಯ ಕೊಟ್ಟ ಅಡ್ಡಹೆಸರು.

ನಾವು ಎಂದೂ ಆರಿಸಿಕೊಳ್ಳದ ವಾಚನವೊಂದಿದೆ: ಯೆಹೆಜ್ಕೇಲ 34:18-19. ಕೊಬ್ಬಿದ ಕುರಿಗಳು ತಿಳಿನೀರು ಕುಡಿದು, ಮಿಕ್ಕಿದ್ದನ್ನು ಕಾಲಿನಿಂದ ಕದಡಿ, ಉಳಿದ ಕುರಿಗಳಿಗೆ ಆ ರಾಡಿಯನ್ನೇ ಬಿಡುವುದನ್ನು ದೇವರು ಅಲ್ಲಿ ವಿಚಾರಣೆಗೆ ಎಳೆಯುತ್ತಾರೆ. ನೀರಿನ ನ್ಯಾಯಕ್ಕೆ ಇದಕ್ಕಿಂತ ನೇರವಾದ ವಚನ ಸಿಗಲಾರದು. ಅಪರಾಧ ಕುಡಿದದ್ದರಲ್ಲಿಲ್ಲ, ತನ್ನ ನಂತರ ಕುಡಿಯುವವರು ಇದ್ದಾರೆಂಬುದನ್ನು ಮರೆತದ್ದರಲ್ಲಿದೆ.

5. ಕದಡಿದವರು ಯಾರು?

ಈ ವಚನವನ್ನು ಬೆಟ್ಟಕ್ಕೆ ಅನ್ವಯಿಸುವಾಗ ಒಂದು ಎಚ್ಚರ ಬೇಕು. ಮೇಲಿನವನು ತಪ್ಪಿತಸ್ಥ, ಕೆಳಗಿನವನು ನೊಂದವನು ಎಂದು ಎಣಿಸುವುದು ಸುಲಭ. ನೀಲಗಿರಿಯ ಕಥೆ ಹಾಗಿಲ್ಲ. ತೊದವರು ಹುಲ್ಲುಗಾವಲನ್ನು ನೀಲಗಿರಿ ತೋಪಾಗಿಸಲಿಲ್ಲ. ರೇಯಾನ್ ಬಟ್ಟೆ ಬಯಸಿದ್ದು ಬಯಲಿನ ನಗರಗಳು. ಹದಗೊಂಡ ಚರ್ಮ ಬೇಕಾಗಿದ್ದುದು ಬಯಲಿನ ಕಾರ್ಖಾನೆಗಳಿಗೆ. ನಿರ್ಧಾರವಾದದ್ದು ಬೆಟ್ಟದಿಂದ ದೂರದ ಕಚೇರಿಗಳಲ್ಲಿ. ಭೂಗೋಳದ ಲೆಕ್ಕದಲ್ಲಿ ಕೆಳಗಿರುವವರು ಅಧಿಕಾರದ ಲೆಕ್ಕದಲ್ಲಿ ಮೇಲಿದ್ದರು. ಈ ಕಥೆಯ ಕೊಬ್ಬಿದ ಕುರಿ ತೊರೆಯ ಕೊನೆಯಲ್ಲಿ ನಿಂತು ತೊರೆಯ ಮೊದಲನ್ನು ತುಳಿಯಿತು. ಬೆಟ್ಟದ ಜನ ಹುಲ್ಲನ್ನು ಕಳೆದುಕೊಂಡರು, ಬಯಲಿನ ರೈತ ನೀರಿನ ಪಾಲನ್ನು ಕಳೆದುಕೊಂಡ. ಲಾಭ ಪಡೆದವರು ಇವರಿಬ್ಬರೂ ಅಲ್ಲ.

ಆದ್ದರಿಂದ ಬೆಟ್ಟವನ್ನು ಮತ್ತೆ ಸರಿಪಡಿಸುವ ಹೊರೆಯನ್ನು ಬೆಟ್ಟದ ಜನರ ಮೇಲಷ್ಟೇ ಹೊರಿಸುವುದು ಎರಡನೆಯ ಅನ್ಯಾಯ. ಮೂಲನಿವಾಸಿ ಸಮುದಾಯಗಳು ತಮ್ಮ ನೆಲದಲ್ಲಿ ಉಳಿದಾಗ ಆ ನೆಲವನ್ನು ಅತ್ಯುತ್ತಮವಾಗಿ ಕಾಯುತ್ತವೆಂದು ‘ಲೌದಾತೊ ಸಿ’ಯ 146ನೆಯ ಕಂಡಿಕೆ ಹೇಳುತ್ತದೆ. ಅದನ್ನು ನೀರಿನ ಭಾಗಕ್ಕೆ ಜೋಡಿಸಿ ಓದಿದರೆ ಬರುವ ಅರ್ಥ ಸ್ಪಷ್ಟ: ಕೆಳಗಿನವರ ನೀರಿನ ಹಕ್ಕು ಮೇಲಿನವರ ನೆಲದ ಹಕ್ಕಿನ ಮೇಲೆ ನಿಂತಿದೆ.

6. ಪಶ್ಚಾತ್ತಾಪಕ್ಕೆ ಬೇಕಾದ ಕಾಲ

ತಪ್ಪೆಂದು ತಿಳಿದ ಮೇಲೆ ಕಿತ್ತುಹಾಕಿದರಾಯಿತು ಎನ್ನುವಂತಿಲ್ಲ. ದಕ್ಷಿಣ ಆಫ್ರಿಕಾದ ಮೊಕೊಬುಲಾನ್ ಎಂಬಲ್ಲಿ ಹುಲ್ಲುಗಾವಲಿನ ಜಲಾನಯನವೊಂದರಲ್ಲಿ ನೀಲಗಿರಿ ಮರ ನೆಟ್ಟ ಒಂಬತ್ತನೆಯ ವರ್ಷಕ್ಕೆ ತೊರೆ ಪೂರ್ತಿ ಬತ್ತಿತು. ಹದಿನಾರನೆಯ ವರ್ಷದಲ್ಲಿ ಮರಗಳನ್ನೆಲ್ಲ ಕಡಿದರು. ತೊರೆ ಮತ್ತೆ ವರ್ಷವಿಡೀ ಹರಿಯಲು ಇನ್ನೂ ಐದು ವರ್ಷ ಹಿಡಿಯಿತು. ಮರಗಳು ಆಳದ ಮಣ್ಣಿನ ಉಳಿತಾಯವನ್ನೂ ಕುಡಿದಿದ್ದವು. ಬಂದ ಮಳೆ ಮೊದಲು ಆ ಸಾಲ ತೀರಿಸಬೇಕಾಯಿತು.

ಪಾಪನಿವೇದನೆಯ ಸಂಸ್ಕಾರವನ್ನು ಬೋಧಿಸುವವರಿಗೆ ಇದು ಪರಿಚಿತ ವಿಷಯ. ಪಾಪವಿಮೋಚನೆ ಪಾಪವನ್ನು ನೀಗುತ್ತದೆ, ಆದರೆ ಪಾಪ ಉಂಟುಮಾಡಿದ ಎಲ್ಲ ಅವ್ಯವಸ್ಥೆಯನ್ನು ತಾನಾಗಿ ಸರಿಪಡಿಸುವುದಿಲ್ಲ ಎಂದು ಕಥೋಲಿಕ ಧರ್ಮೋಪದೇಶದ 1459ನೆಯ ಕಂಡಿಕೆ ಕಲಿಸುತ್ತದೆ, ಅದಕ್ಕಾಗಿಯೇ ಪರಿಹಾರಕ್ರಿಯೆ. ಬೆಟ್ಟದ ವಿಷಯದಲ್ಲಿ ನಾವು ಬೋಧಿಸುವ ಪರಿವರ್ತನೆ ಇಂದಿನವರೆಗೆ ಭಾವನೆಯ ಹಂತದಲ್ಲೇ ಇದೆ. ಪರಿಹಾರಕ್ರಿಯೆಗೆ ವರ್ಷಗಳು ಬೇಕು, ತಾಳ್ಮೆ ಬೇಕು. ವಾಟಲ್ ಮರಗಳನ್ನು ಒಮ್ಮೆಗೇ ಕಡಿದಲ್ಲಿ ನೆಲದಲ್ಲಿ ಹುದುಗಿದ ಬೀಜಗಳು ಗುಂಪಾಗಿ ಮೊಳೆಯುತ್ತವೆ. ಬೋಳಾದ ಇಳಿಜಾರು ಮಳೆಗೆ ಕೊಚ್ಚಿಹೋಗುತ್ತದೆ. ಕೆಲವೆಡೆ ಹಳೆಯ ತೋಪಿನ ನೆರಳಿನಲ್ಲೇ ಶೋಲಾದ ಸಸಿಗಳು ತಲೆಯೆತ್ತುತ್ತಿವೆ. ಮತ್ತಾಯನ 13ನೆಯ ಅಧ್ಯಾಯದ ಯಜಮಾನ ಕಳೆಯನ್ನು ಕೂಡಲೇ ಕೀಳಬೇಡಿರೆಂದದ್ದು ಅದರೊಂದಿಗೆ ಗೋಧಿಯೂ ಕಿತ್ತುಬಂದೀತೆಂದು. ಉಪದೇಶಕನ ಮೂರನೆಯ ಅಧ್ಯಾಯ ನೆಡುವುದಕ್ಕೂ ಕೀಳುವುದಕ್ಕೂ ಬೇರೆ ಬೇರೆ ಕಾಲ ಉಂಟೆನ್ನುತ್ತದೆ. ಯಾವುದು ಯಾವ ಕಾಲವೆಂದು ತಿಳಿಯಲು ಆ ಬೆಟ್ಟವನ್ನೇ ಕೇಳಬೇಕು, ಅಲ್ಲಿ ಬದುಕಿದವರನ್ನು ಕೇಳಬೇಕು.

ನಮ್ಮ ನಾಡಿನಲ್ಲೂ ಈ ಪ್ರಶ್ನೆ ಹೊಸದಲ್ಲ. 1987ರಲ್ಲಿ ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನ ರೈತರು ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ಹೂಡಿ, ಊರಿನ ಸಾಮೂಹಿಕ ಭೂಮಿಯಲ್ಲಿ ತಿರುಳಿಗಾಗಿ ನೆಟ್ಟಿದ್ದ ನೀಲಗಿರಿ ಸಸಿಗಳನ್ನು ಕಿತ್ತು, ಊರಿಗೆ ಬೇಕಾದ ಗಿಡಗಳನ್ನು ನೆಟ್ಟರು. ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿತು. ರೈತರು ಕೇಳಿ ಮೂವತ್ತು ವರ್ಷಗಳಾದ ಮೇಲೆ ಸರ್ಕಾರ ಕೇಳಿಸಿಕೊಂಡಿತು. ತುಂಗಾ, ಭದ್ರಾ, ನೇತ್ರಾವತಿಗಳು ಹುಟ್ಟುವ ಗಂಗಾಮೂಲದ ಸುತ್ತಲೂ ನೀಲಗಿರಿಯಂಥದೇ ಶೋಲಾ ಮತ್ತು ಹುಲ್ಲುಗಾವಲು ಇದೆ. ಅದನ್ನು ಪಾಳು ಎಂದು ಕರೆಯದಿರುವಷ್ಟಾದರೂ ನಮ್ಮ ಪೀಠಗಳು ಕಲಿಯಬೇಕು.

ನಾನು ಗುರುಮಠದಲ್ಲಿ ಓದುತ್ತಿದ್ದಾಗ ಪ್ರತಿ ವರ್ಷ ಒಬ್ಬೊಬ್ಬರೂ ಒಂದೊಂದು ಸಸಿ ನೆಡುತ್ತಿದ್ದೆವು. ಅಲ್ಲಿನ ವೃದ್ಧ ತೋಟಗಾರರು ಒಮ್ಮೆ ಗುಂಡಿ ತೋಡುತ್ತ, “ನೆಡೋದು ಸುಲಭ ಬ್ರದರ್. ಇದು ಎಷ್ಟು ನೀರು ಕೇಳುತ್ತೆ, ಯಾರ ನೀರು ಕೇಳುತ್ತೆ, ಅದನ್ನ ಯಾರಾದ್ರೂ ವಿಚಾರಿಸಿದ್ದೀರಾ?” ಎಂದರು. ನಾವು ನಕ್ಕೆವು. ದೈವಶಾಸ್ತ್ರ ಕಲಿಯುತ್ತಿದ್ದವರು ನಾವು. ಆ ದಿನ ದೈವಶಾಸ್ತ್ರದ ಪ್ರಶ್ನೆ ಕೇಳಿದವರು ಅವರು.

ಬೆಂಗಳೂರಿನ ನಲ್ಲಿಗಳಲ್ಲಿ ಬರುವ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪಿನ ಬಲದಿಂದ ಏರಿ ಬರುತ್ತದೆ. ಅದಕ್ಕೂ ಬಹಳ ಮೊದಲು ಅದು ಕೊಡಗಿನ ಬೆಟ್ಟಗಳ ಮಣ್ಣಿನಲ್ಲಿ ಇಂಗಿ, ಜಿನುಗಿ, ಇಳಿದು ಬಂದಿರುತ್ತದೆ. ಜ್ಞಾನಸ್ನಾನದ ತೊಟ್ಟಿಗೆ ನಾವು ತುಂಬುವುದು ಅದೇ ನೀರನ್ನು, ಪಾನಪಾತ್ರೆಯ ದ್ರಾಕ್ಷಾರಸಕ್ಕೆ ಬೆರೆಸುವ ಹನಿಯೂ ಅದೇ. ಮುಂದಿನ ಸೆಪ್ಟೆಂಬರ್ 1ರಂದು ಪೀಠವೇರುವ ಗುರುವೊಬ್ಬರು ತಮ್ಮ ಧರ್ಮಕೇಂದ್ರದ ನೀರು ಯಾವ ಬೆಟ್ಟದಿಂದ ಬರುತ್ತದೆ, ಆ ಬೆಟ್ಟದ ಮೇಲೆ ಈಗ ಏನು ಬೆಳೆದಿದೆ, ಅಲ್ಲಿ ಯಾರು ವಾಸಿಸುತ್ತಾರೆ ಎಂಬ ಮೂರು ಸಂಗತಿಗಳನ್ನು ವಿಚಾರಿಸಿಕೊಂಡು ಬಂದು ಭಕ್ತರಿಗೆ ಹೇಳಲಿ. ಸಸಿ ನೆಡುವುದನ್ನು ಆ ಮೇಲೆ ಯೋಚಿಸಬಹುದು.